ತಪ್ಪು ನಿಮ್ಮದೇ ಎಂದು ವಿಮಾ ಕಂಪನಿ ಬರೆದರೆ: ಪ್ರಶ್ನಿಸುವುದು ಹೇಗೆ?

‘ನಿಮ್ಮ ಕ್ಲೇಮನ್ನು ಪರಿಗಣಿಸಲು ಸಾಧ್ಯವಾಗುತ್ತಿಲ್ಲ’ ಎಂಬ ಇ-ಮೇಲ್ ಬಂದ ದಿನ ಕಾರಿನ ಮಾಲೀಕರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ಗ್ರಾಹಕ ಸೇವೆಯ ಸಂಖ್ಯೆಗೆ ಕರೆ ಮಾಡಿ ವಾದಿಸುವುದು. ಅರ್ಧ ಗಂಟೆ ಕಾದು, ಮೂರು ಜನರಿಗೆ ಅದೇ ಕಥೆ ಹೇಳಿ, ಕೊನೆಗೆ ಬೇಸತ್ತು ಗ್ಯಾರೇಜಿನ ಬಿಲ್ಲನ್ನು ಕೈಯಿಂದ ಕಟ್ಟಿಬಿಡುತ್ತಾರೆ. ಹಾಗೆ ಕಟ್ಟುವ ಮುನ್ನ ಒಂದು ವಿಷಯ ತಿಳಿದಿರಲಿ. ಆ ಇ-ಮೇಲ್ ನ್ಯಾಯಾಲಯದ ತೀರ್ಪಲ್ಲ. ಹಾನಿಯನ್ನು ಅಂದಾಜು ಮಾಡಲು ಕಂಪನಿ ನೇಮಿಸಿದ ಒಬ್ಬ ಸರ್ವೇಯರ್ ನೋಡಿ ಬರೆದ ವರದಿ, ಅದನ್ನು ಓದಿ ಕಂಪನಿಯ ಅಧಿಕಾರಿಯೊಬ್ಬರು ತೆಗೆದುಕೊಂಡ ನಿರ್ಧಾರ, ಅಷ್ಟೇ. ಸರ್ವೇಯರ್ ವರದಿಯೇ ಅಂತಿಮವಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ಆದರೆ ಅದನ್ನು ಬದಲಿಸಬೇಕಾದರೆ ಕಂಪನಿ ಯಾವ ಕಾರಣ ಕೊಟ್ಟಿದೆಯೋ ಆ ಕಾರಣಕ್ಕೇ, ಕಾಗದದ ಮೇಲೆ, ದಿನಾಂಕ ಸಹಿತ ಉತ್ತರ ಕೊಡಬೇಕು.

ಇಲ್ಲಿ ತಪ್ಪಿನ ಪ್ರಶ್ನೆ ಇದೆಯೇ?

ಮೊದಲು ನಿಮ್ಮ ಪಾಲಿಸಿ ತೆಗೆದು ನೋಡಿ. ನಿಮ್ಮ ಕಾರಿನ ಹಾನಿಗೂ ಬೇರೆಯವರಿಗಾದ ಹಾನಿಗೂ ರಕ್ಷಣೆ ಕೊಡುವ ಕಾಂಪ್ರಹೆನ್ಸಿವ್ ಪಾಲಿಸಿ ಇದ್ದು, ನಿಮ್ಮ ಕಾರಿನ ರಿಪೇರಿಗೆ ನಿಮ್ಮದೇ ಕಂಪನಿಯಲ್ಲಿ ಕ್ಲೇಮು ಹಾಕಿದ್ದರೆ ಅದು ‘ಓನ್ ಡ್ಯಾಮೇಜ್’ ಕ್ಲೇಮು. ಈ ಭಾಗದಲ್ಲಿ ಯಾರ ತಪ್ಪು ಎಂಬುದು ಸಾಮಾನ್ಯವಾಗಿ ಮುಖ್ಯವಾಗುವುದಿಲ್ಲ. ಹೆಬ್ಬಾಳ ಮೇಲ್ಸೇತುವೆಯ ಇಳಿಜಾರಿನಲ್ಲಿ ಬ್ರೇಕ್ ತಡವಾಗಿ ಒತ್ತಿ ನೀವೇ ಮುಂದಿನ ವಾಹನಕ್ಕೆ ಗುದ್ದಿದ್ದರೂ ಅದು ಅಪಘಾತವೇ, ಪಾಲಿಸಿ ಅದಕ್ಕೆ ರಕ್ಷಣೆ ಕೊಡುತ್ತದೆ. ‘ಹಿಂದಿನಿಂದ ಗುದ್ದಿದವರು ನೀವು, ಆದ್ದರಿಂದ ಕ್ಲೇಮು ಬರುವುದಿಲ್ಲ’ ಎಂದು ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ ನಂಬಿ ಹಿಂದಿರುಗಬೇಡಿ. ಕ್ಲೇಮು ಪಡೆದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮಿಲ್ಲದ ವರ್ಷಗಳಿಗಾಗಿ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ ಹೋಗುತ್ತದೆ, ಅದು ಬೇರೆ ಮಾತು. ಸಣ್ಣ ಗೀರಿಗೆ ಕ್ಲೇಮು ಹಾಕುವ ಮುನ್ನ ಆ ಲೆಕ್ಕ ಮಾಡಿಕೊಳ್ಳುವುದು ಒಳ್ಳೆಯದು.

ತಪ್ಪಿನ ಪ್ರಶ್ನೆ ನಿಜವಾಗಿ ಏಳುವುದು ಥರ್ಡ್ ಪಾರ್ಟಿ, ಅಂದರೆ ಒಂದು ವಾಹನದಿಂದ ಬೇರೆಯವರಿಗೆ ಆದ ಹಾನಿಯ ವಿಷಯದಲ್ಲಿ. ನಿಮ್ಮ ಬಳಿ ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದು ಎದುರಿನ ವಾಹನದ ವಿಮೆಯಿಂದ ಪರಿಹಾರ ಕೇಳುವಾಗ, ಅಥವಾ ಯಾರಿಗಾದರೂ ಪೆಟ್ಟಾಗಿದ್ದಾಗ ‘ನಿಮ್ಮದೂ ತಪ್ಪಿದೆ’ ಎಂಬ ವಾದ ಬರುತ್ತದೆ. ಅದರ ದಾರಿಯೇ ಬೇರೆ, ಕೊನೆಯಲ್ಲಿ ಹೇಳುತ್ತೇನೆ.

ಕಾರಣವನ್ನು ಬರೆಸಿಕೊಳ್ಳಿ

ಸ್ವಂತ ಕಾರಿನ ಕ್ಲೇಮು ತಿರಸ್ಕಾರವಾಗುವುದು ಹೆಚ್ಚಾಗಿ ಬೇರೆ ಕಾರಣಗಳಿಗೆ. ಹಾನಿಯ ಸ್ವರೂಪ ಅಪಘಾತದ ವಿವರಕ್ಕೆ ಹೊಂದುವುದಿಲ್ಲ, ಹಾನಿ ಹಳೆಯದು, ತಡವಾಗಿ ತಿಳಿಸಿದ್ದೀರಿ, ಸ್ವಂತ ಬಳಕೆಯ ಕಾರನ್ನು ಬಾಡಿಗೆಗೆ ಓಡಿಸಿದ್ದೀರಿ, ಅಪಘಾತದ ನಂತರ ಎಚ್ಚರ ವಹಿಸಲಿಲ್ಲ ಎಂಬಂಥವು. ಇವುಗಳಲ್ಲಿ ನಿಮಗೆ ಅನ್ವಯಿಸಿರುವುದು ಯಾವುದು, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂಬುದನ್ನು ಲಿಖಿತವಾಗಿ ಕೇಳಿ. ಜೊತೆಗೆ ಸರ್ವೇ ವರದಿಯ ಪ್ರತಿಯನ್ನೂ ಕೇಳಿ. ಅದನ್ನು ಕೇಳಿ ಪಡೆಯುವ ಹಕ್ಕು ಪಾಲಿಸಿದಾರರಿಗೆ ಇದೆ.

ಹೀಗೆ ಬರೆಸಿಕೊಳ್ಳುವುದರಿಂದ ದೊಡ್ಡ ಲಾಭವಿದೆ. ತಿರಸ್ಕಾರದ ಪತ್ರದಲ್ಲಿ ಇಲ್ಲದ ಹೊಸ ಕಾರಣವನ್ನು ವಿಮಾ ಕಂಪನಿ ಆಮೇಲೆ ಗ್ರಾಹಕರ ಆಯೋಗದ ಮುಂದೆ ಎತ್ತುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪತ್ರದಲ್ಲಿ ಏನಿದೆಯೋ ಅದಕ್ಕೆ ಕಂಪನಿ ಕಟ್ಟುಬಿದ್ದಿರುತ್ತದೆ.

ದಿನಗಳ ಲೆಕ್ಕವನ್ನೂ ಇಡಿ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರ ಜೂನ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಕ್ಲೇಮು ತಿಳಿಸಿದ 24 ಗಂಟೆಗಳಲ್ಲಿ ಸರ್ವೇಯರ್ ನೇಮಕವಾಗಬೇಕು, 15 ದಿನಗಳಲ್ಲಿ ವರದಿ ಬರಬೇಕು, ವರದಿ ಬಂದ 7 ದಿನಗಳಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಗಡುವು ಮೀರಿದ್ದರೆ ನಿಮ್ಮ ದೂರಿನಲ್ಲಿ ಅದಕ್ಕೂ ಒಂದು ಸಾಲು ಮೀಸಲಿಡಿ. ನೀವು ತಡವಾಗಿ ತಿಳಿಸಿದ್ದೀರಿ ಎಂಬುದೇ ಕಂಪನಿಯ ಕಾರಣವಾಗಿದ್ದರೆ, ತಡಕ್ಕೆ ಕಾರಣ ಏನೆಂದು ದಾಖಲೆ ಸಹಿತ ತಿಳಿಸಿ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಇಂಥ ಕಡೆ ಕೆಲಸಕ್ಕೆ ಬರುತ್ತದೆ. ತಾಂತ್ರಿಕ ವಿಳಂಬವೊಂದನ್ನೇ ಮುಂದಿಟ್ಟು ನಿಜವಾದ ಕ್ಲೇಮನ್ನು ತಳ್ಳಿಹಾಕಬಾರದು ಎಂದು ಪ್ರಾಧಿಕಾರ 2011ರಲ್ಲೇ ಕಂಪನಿಗಳಿಗೆ ಸೂಚಿಸಿದೆ.

ಕುಡಿದು ಓಡಿಸಿದ್ದರೆ, ಅಥವಾ ಲೈಸೆನ್ಸ್ ಇಲ್ಲದವರ ಕೈಗೆ ಕಾರು ಕೊಟ್ಟಿದ್ದರೆ ಈ ಲೇಖನದಿಂದ ಪ್ರಯೋಜನವಿಲ್ಲ. ಅಲ್ಲಿ ಕಂಪನಿಯ ನಿರಾಕರಣೆ ಸರಿಯಾಗಿಯೇ ಇರುತ್ತದೆ.

ಒಂದು ಉದಾಹರಣೆ: ನಡುವೆ ಸಿಕ್ಕಿಕೊಂಡ ಕಾರು

ಹೊರವರ್ತುಲ ರಸ್ತೆಯಲ್ಲಿ, ಮಾರತ್ತಹಳ್ಳಿಯ ಆಸುಪಾಸಿನಲ್ಲಿ ಸಂಜೆಯ ದಟ್ಟಣೆ. ನಿಮ್ಮ ಕಾರು ನಿಂತಿದೆ. ಹಿಂದಿನಿಂದ ಟೆಂಪೊ ಗುದ್ದುತ್ತದೆ, ಆ ರಭಸಕ್ಕೆ ನಿಮ್ಮ ಕಾರು ಮುಂದಿನ ಕ್ಯಾಬ್‌ಗೆ ತಾಗುತ್ತದೆ. ಹಿಂದಿನ ಬಂಪರ್, ಡಿಕ್ಕಿಯ ಬಾಗಿಲು ಒಳಗೆ ಹೋಗಿವೆ. ಮುಂದಿನ ಬಂಪರ್ ಮತ್ತು ಗ್ರಿಲ್ ಒಡೆದಿವೆ. ಸರ್ವೇಯರ್ ಹಿಂಭಾಗವನ್ನು ಒಪ್ಪಿ, ಮುಂಭಾಗದ ಹಾನಿ ಈ ಅಪಘಾತದ್ದಲ್ಲ ಎಂದು ಬರೆಯುತ್ತಾರೆ. ನಗರದಲ್ಲಿ ಇಂಥ ಸರಣಿ ಡಿಕ್ಕಿಗಳು ಸಾಮಾನ್ಯವಾದ್ದರಿಂದ ಇದನ್ನೇ ಬಿಡಿಸಿ ನೋಡೋಣ.

ಇಲ್ಲಿ ನೀವು ಸಾಬೀತುಪಡಿಸಬೇಕಾದ್ದು ಎರಡು ಸಂಗತಿ. ಒಂದು, ಡಿಕ್ಕಿಗೆ ಮುನ್ನ ಮುಂಭಾಗ ಸರಿಯಾಗಿತ್ತು. ಇನ್ನೊಂದು, ಅದು ಒಡೆದದ್ದು ಅದೇ ಗಳಿಗೆಯಲ್ಲಿ.

ಮೊದಲನೆಯದಕ್ಕೆ ಒಳ್ಳೆಯ ಸಾಕ್ಷಿ ನಿಮ್ಮ ಹಿಂದಿನ ಸರ್ವಿಸ್‌ನ ಜಾಬ್ ಕಾರ್ಡ್. ಕಾರನ್ನು ಸರ್ವಿಸ್‌ಗೆ ಬಿಡುವಾಗ ಗ್ಯಾರೇಜಿನವರು ಕಾರಿನ ಸುತ್ತ ಒಂದು ಸುತ್ತು ಬಂದು, ಕಾಗದದ ಮೇಲಿನ ಕಾರಿನ ಚಿತ್ರದಲ್ಲಿ ಗೀರು, ತಗ್ಗುಗಳಿದ್ದ ಕಡೆ ಗುರುತು ಹಾಕುತ್ತಾರೆ. ಮುಂದಿನ ಬಂಪರ್ ಮೇಲೆ ಗುರುತಿಲ್ಲ ಎಂದಾದರೆ ಅದು ನಿಮ್ಮ ಪರ ಸಾಕ್ಷಿ. ಪಾಲಿಸಿ ನವೀಕರಣ ತಡವಾಗಿ ಕಂಪನಿಯೇ ಕಾರಿನ ತಪಾಸಣೆ ಮಾಡಿಸಿದ್ದರೆ ಆಗ ತೆಗೆದ ಫೋಟೊಗಳು ಅವರ ಬಳಿಯೇ ಇರುತ್ತವೆ, ಅವನ್ನೂ ಕೇಳಿ.

ಎರಡನೆಯದಕ್ಕೆ ಒಡೆದ ಜಾಗವನ್ನೇ ಹತ್ತಿರದಿಂದ ನೋಡಿ. ಹೊಸದಾಗಿ ಮುರಿದ ಪ್ಲಾಸ್ಟಿಕ್‌ನ ಅಂಚು ಸ್ವಚ್ಛವಾಗಿರುತ್ತದೆ, ಬಣ್ಣ ಕಿತ್ತುಹೋದ ತಗಡು ಹೊಳೆಯುತ್ತದೆ. ಹಳೆಯ ಮುರಿತವಾದರೆ ಅಂಚಿನಲ್ಲಿ ಧೂಳು ಕೂತಿರುತ್ತದೆ, ತಗಡಿಗೆ ತುಕ್ಕು ಹಿಡಿದಿರುತ್ತದೆ. ಮುಂದಿನ ವಾಹನದ ಬಣ್ಣ ನಿಮ್ಮ ಬಂಪರ್‌ಗೆ ಮೆತ್ತಿದ್ದರೆ ಅದರ ಚಿತ್ರ ತೆಗೆದಿರಬೇಕು. ಪೆಟ್ಟಾದ ಜಾಗ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು ಕಾಣುವಂತೆ ಅಳತೆ ಟೇಪ್ ಹಿಡಿದು ಇನ್ನೊಂದು ಚಿತ್ರ ತೆಗೆಯಿರಿ. ಸಾಧ್ಯವಾದರೆ ಎದುರಿನ ವಾಹನದಲ್ಲೂ ಅದೇ ಎತ್ತರದ ಗುರುತು ಇರುವುದನ್ನು ತೋರಿಸಿ. ಇಂಥ ಎರಡು ಚಿತ್ರಗಳಿಗಿರುವ ಬಲ ಎರಡು ಪುಟದ ವಿವರಣೆಗೆ ಇರುವುದಿಲ್ಲ.

ಚಿತ್ರಗಳ ಮೂಲ ಫೈಲನ್ನು ಮೊಬೈಲ್‌ನಲ್ಲೇ ಉಳಿಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಹೋಗಿಬಂದ ಚಿತ್ರದಲ್ಲಿ ತೆಗೆದ ಸಮಯದ ವಿವರ ಅಳಿಸಿಹೋಗುತ್ತದೆ. ಡ್ಯಾಶ್‌ಕ್ಯಾಮ್ ಇದ್ದರೆ ಆ ದಿನವೇ ದೃಶ್ಯವನ್ನು ಬೇರೆಡೆ ನಕಲು ಮಾಡಿಡಿ, ಏಕೆಂದರೆ ಹಳೆಯದರ ಮೇಲೆ ಹೊಸದು ದಾಖಲಾಗುತ್ತ ಹೋಗುತ್ತದೆ. ಅಂಗಡಿ, ಪೆಟ್ರೋಲ್ ಬಂಕ್‌ಗಳ ಸಿಸಿಟಿವಿಯದೂ ಇದೇ ಕಥೆ. ‘ಆಮೇಲೆ ಕೇಳಿದರಾಯಿತು’ ಎಂದುಕೊಂಡರೆ ದೃಶ್ಯ ಸಿಗುವುದಿಲ್ಲ.

ಇನ್ನು ಪತ್ರ. ಕೋಪ, ಸಂಕಟ, ಎಷ್ಟು ವರ್ಷಗಳಿಂದ ಪ್ರೀಮಿಯಂ ಕಟ್ಟಿದ್ದೀರಿ ಎಂಬ ವಿವರ ಯಾವುದೂ ಬೇಡ. ಇಷ್ಟು ಸಾಕು:

‘ನಿಮ್ಮ ಇಂಥ ದಿನಾಂಕದ ಪತ್ರದಲ್ಲಿ ಕಾರಿನ ಮುಂಭಾಗದ ಹಾನಿ ಈ ಅಪಘಾತಕ್ಕೆ ಸಂಬಂಧಿಸಿಲ್ಲ ಎಂದು ತಿಳಿಸಿದ್ದೀರಿ. ಈ ತೀರ್ಮಾನಕ್ಕೆ ಸರ್ವೇ ವರದಿಯ ಯಾವ ಅಂಶ ಆಧಾರ ಎಂಬುದನ್ನು ತಿಳಿಸಿ, ವರದಿಯ ಪ್ರತಿ ಒದಗಿಸಿ. ಹಿಂಬದಿಯಿಂದ ಟೆಂಪೊ ಗುದ್ದಿದ್ದರಿಂದ ಕಾರು ಮುಂದೆ ಸರಿದು ಎದುರಿನ ವಾಹನಕ್ಕೆ ತಾಗಿದ್ದನ್ನು ಲಗತ್ತಿಸಿರುವ 1ರಿಂದ 4ರವರೆಗಿನ ಚಿತ್ರಗಳು ತೋರಿಸುತ್ತವೆ. ಅದಕ್ಕೂ ಮುನ್ನ ಮುಂಭಾಗ ಸುಸ್ಥಿತಿಯಲ್ಲಿತ್ತು ಎಂಬುದಕ್ಕೆ ಜಾಬ್ ಕಾರ್ಡ್‌ನ ಪ್ರತಿ ಇದೆ. ವಾಹನವನ್ನು ಮರುಪರಿಶೀಲಿಸಿ ಲಿಖಿತ ಉತ್ತರ ನೀಡಿ.’

ಮರುಪರಿಶೀಲನೆ ಮುಗಿಯುವವರೆಗೆ ಬಿಚ್ಚಿದ ಭಾಗಗಳನ್ನು ಗುಜರಿಗೆ ಹಾಕದಂತೆ ಗ್ಯಾರೇಜಿನವರಿಗೆ ಹೇಳಿಡಿ. ಭಾಗವೇ ಇಲ್ಲದಿದ್ದರೆ ಎರಡನೇ ಬಾರಿ ನೋಡಲು ಏನೂ ಉಳಿದಿರುವುದಿಲ್ಲ. ಮೊತ್ತ ದೊಡ್ಡದಾಗಿದ್ದರೆ ಬೇರೊಬ್ಬ ಪರವಾನಗಿ ಪಡೆದ ಸರ್ವೇಯರ್‌ಗೆ ಶುಲ್ಕ ಕೊಟ್ಟು ಸ್ವತಂತ್ರ ಅಭಿಪ್ರಾಯ ಬರೆಸುವುದು ಸಾರ್ಥಕವಾದ ಖರ್ಚು.

ಮಳೆಗಾಲದಲ್ಲಿ ಅಂಡರ್‌ಪಾಸ್‌ನ ನೀರಲ್ಲಿ ನಿಂತುಹೋದ ಕಾರುಗಳ ವಿಷಯದಲ್ಲೂ ಇದೇ ಕ್ರಮ. ನೀರು ನುಗ್ಗಿದ ಎಂಜಿನ್ನನ್ನು ಮತ್ತೆ ಚಾಲೂ ಮಾಡಲು ಹೋಗಿ ಕೆಟ್ಟಿತು ಎಂಬುದು ಅಲ್ಲಿ ಕಂಪನಿಗಳ ಸಾಮಾನ್ಯ ವಾದ. ಪಾಲಿಸಿಯ ಜೊತೆ ಹೆಚ್ಚುವರಿಯಾಗಿ ಪಡೆಯುವ ಎಂಜಿನ್ ರಕ್ಷಣೆಯ ಆ್ಯಡ್-ಆನ್ ಇದೆಯೇ ನೋಡಿ. ಕಾರನ್ನು ಚಾಲೂ ಮಾಡದೆ ನೇರವಾಗಿ ಎಳೆದೊಯ್ದದ್ದಕ್ಕೆ ಟೋಯಿಂಗ್ ರಸೀದಿಯೇ ಪುರಾವೆ.

ಕಡಿತವೆಲ್ಲ ಅನ್ಯಾಯವಲ್ಲ

ಕ್ಲೇಮು ಒಪ್ಪಿಯೂ ಹಣ ಕಡಿಮೆ ಕೊಟ್ಟಾಗ ಜಗಳಕ್ಕೆ ಮುನ್ನ ಲೆಕ್ಕ ನೋಡಿ. ಝೀರೊ ಡೆಪ್ರಿಸಿಯೇಷನ್ (ಸವಕಲು ಕಳೆಯದ ಆ್ಯಡ್-ಆನ್) ಇಲ್ಲದ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಶೇ 50ರಷ್ಟು ಸವಕಲು, ಅಂದರೆ ಬಳಕೆಯಿಂದ ಕುಗ್ಗಿದ ಬೆಲೆ ಕಳೆಯುವುದು ನಿಯಮದ ಪ್ರಕಾರವೇ. ಗಾಜಿಗೆ ಕಳೆಯುವಂತಿಲ್ಲ. ವಿಂಡ್‌ಶೀಲ್ಡ್‌ಗೂ ಸವಕಲು ಕಳೆದಿದ್ದರೆ ಅದನ್ನು ಪ್ರಶ್ನಿಸಿ. ‘ಪೂರ್ಣ ಮತ್ತು ಅಂತಿಮ’ ಎಂದಿರುವ ಚೀಟಿಗೆ ಸಹಿ ಹಾಕಿಸಿಕೊಂಡಿದ್ದರೂ ಹೆಚ್ಚಿನ ಮೊತ್ತ ಕೇಳುವ ನಿಮ್ಮ ಹಕ್ಕು ಅಷ್ಟರಿಂದಲೇ ಹೋಗುವುದಿಲ್ಲ ಎಂದು ಪ್ರಾಧಿಕಾರ 2015ರಲ್ಲಿ ಸ್ಪಷ್ಟಪಡಿಸಿದೆ. ಆದರೂ ಸಹಿಯ ಪಕ್ಕ ‘ಆಕ್ಷೇಪಣೆಗೆ ಒಳಪಟ್ಟು’ ಎಂದು ಬರೆಯುವುದು ಜಾಣತನ.

ಕಂಪನಿಯೊಳಗಿನ ದೂರು, ಆಮೇಲೆ ಜೆ.ಪಿ. ನಗರ

ಕ್ಲೇಮು ವಿಭಾಗ ಒಪ್ಪದಿದ್ದರೆ ಅದೇ ಕಂಪನಿಯ ಕುಂದುಕೊರತೆ ನಿವಾರಣಾ ಅಧಿಕಾರಿಗೆ ದೂರು ಕೊಡಿ. ವಿಳಾಸ ಪಾಲಿಸಿಯಲ್ಲೇ ಇರುತ್ತದೆ. ಎರಡು ವಾರಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಪ್ರಾಧಿಕಾರದ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. 155255 ಸಂಖ್ಯೆಗೆ ಕರೆಯನ್ನೂ ಮಾಡಬಹುದು. ಪ್ರಾಧಿಕಾರ ತಾನೇ ವಿಚಾರಣೆ ನಡೆಸಿ ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ಕಳುಹಿಸಿ ಉತ್ತರ ಕೇಳುತ್ತದೆ.

ನಿಜವಾದ ವಿಚಾರಣೆ ನಡೆಯುವುದು ವಿಮಾ ಒಂಬುಡ್ಸ್‌ಮನ್, ಅಂದರೆ ಪಾಲಿಸಿದಾರರ ದೂರು ಕೇಳಿ ತೀರ್ಮಾನಿಸುವ ಅಧಿಕಾರಿಯ ಎದುರು. ಇಂಥ ಸೌಲಭ್ಯವಿದೆ ಎಂಬುದೇ ಎಷ್ಟೋ ಜನರಿಗೆ ಗೊತ್ತಿಲ್ಲ ಎಂಬುದು ಬೇಸರದ ಸಂಗತಿ. ಕರ್ನಾಟಕಕ್ಕೆ ಸಂಬಂಧಿಸಿದ ಕಚೇರಿ ಬೆಂಗಳೂರಿನಲ್ಲೇ ಇದೆ: ಜೆ.ಪಿ. ನಗರ ಒಂದನೇ ಹಂತ, 24ನೇ ಮುಖ್ಯರಸ್ತೆಯ ಜೀವನ್ ಸೌಧ ಕಟ್ಟಡ. ಶುಲ್ಕವಿಲ್ಲ, ವಕೀಲರೂ ಇಲ್ಲ. ನಿಮ್ಮ ಮಾತನ್ನು ನೀವೇ ಹೇಳಬೇಕು. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಇಲ್ಲಿಗೆ ಬರುತ್ತದೆ.

ಷರತ್ತುಗಳು ಹೀಗಿವೆ. ಮೊದಲು ಕಂಪನಿಗೆ ಬರೆದಿರಬೇಕು. ಅವರು ತಿರಸ್ಕರಿಸಿರಬೇಕು, ಕೊಟ್ಟ ಉತ್ತರ ತೃಪ್ತಿಕರವಾಗಿರಬಾರದು, ಅಥವಾ ಒಂದು ತಿಂಗಳು ಉತ್ತರ ಬಂದಿರಬಾರದು. ತಿರಸ್ಕಾರದ ಒಂದು ವರ್ಷದೊಳಗೆ ದೂರು ಸಲ್ಲಬೇಕು. ಅದೇ ವಿಷಯ ನ್ಯಾಯಾಲಯದಲ್ಲಿ ಅಥವಾ ಗ್ರಾಹಕರ ಆಯೋಗದಲ್ಲಿ ಬಾಕಿ ಇರಬಾರದು. ಆದ್ದರಿಂದ ಅವಸರದಲ್ಲಿ ಆಯೋಗಕ್ಕೆ ಹೋಗಿ ಈ ಬಾಗಿಲನ್ನು ಮುಚ್ಚಿಕೊಳ್ಳಬೇಡಿ. ವಿಚಾರಣೆಗೆ ಹೋಗುವಾಗ ತಿರಸ್ಕಾರದ ಪತ್ರ, ನಿಮ್ಮ ಉತ್ತರ, ಚಿತ್ರಗಳು, ಜಾಬ್ ಕಾರ್ಡ್, ಗ್ಯಾರೇಜಿನ ಬಿಲ್ಲುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಪುಟಸಂಖ್ಯೆ ಹಾಕಿಕೊಳ್ಳಿ. ‘ಎಂಟನೇ ಪುಟ ನೋಡಿ’ ಎಂದು ಹೇಳುವಂತಿರಬೇಕು.

ಅಗತ್ಯ ದಾಖಲೆಗಳೆಲ್ಲ ಸೇರಿದ ಮೂರು ತಿಂಗಳಲ್ಲಿ ಆದೇಶ ಬರಬೇಕು. ಆದೇಶವನ್ನು ಕಂಪನಿ 30 ದಿನಗಳಲ್ಲಿ ಪಾಲಿಸಬೇಕು. ಅದು ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಒಪ್ಪಿಗೆಯಾಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಹೋಗಬಹುದು. ಅಲ್ಲಿ ಗಡುವು ಎರಡು ವರ್ಷ. ಪಾವತಿಸಿದ ಪ್ರೀಮಿಯಂ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹೂಡಬಹುದು.

ಪೆಟ್ಟಾಗಿದ್ದರೆ

ಎದುರಿನ ವಾಹನದ ವಿಮೆಯಿಂದ ಪರಿಹಾರ ಕೇಳುವವರಿಗೆ ಒಂಬುಡ್ಸ್‌ಮನ್ ಕಚೇರಿ ಉಪಯೋಗಕ್ಕೆ ಬರುವುದಿಲ್ಲ. ಅವರು ಹೋಗಬೇಕಾದ್ದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದ ನ್ಯಾಯಾಧೀಶರೇ ಈ ಪ್ರಕರಣಗಳನ್ನು ನಡೆಸುತ್ತಾರೆ. ಇಲ್ಲಿ ಮಾತ್ರ ವಕೀಲರ ನೆರವು ಪಡೆಯಿರಿ.

‘ಗಾಯಾಳುವಿನ ತಪ್ಪೂ ಅರ್ಧ ಇದೆ’ ಎಂದು ಸಾಧಿಸಿದರೆ ಪರಿಹಾರ ಅಷ್ಟು ಕಡಿಮೆಯಾಗುತ್ತದೆ. ಕಂಪನಿಗಳು ಇದಕ್ಕೆ ಸ್ಥಳ ಮಹಜರಿನ ನಕ್ಷೆಯನ್ನು ತೋರಿಸುತ್ತವೆ. ಡಿಕ್ಕಿಯ ನಂತರ ವಾಹನಗಳು ಎಲ್ಲಿ ನಿಂತಿದ್ದವು ಎಂಬುದನ್ನಷ್ಟೇ ಹಿಡಿದು, ಬೇರೆ ಸಾಕ್ಷ್ಯವಿಲ್ಲದೆ ತಪ್ಪನ್ನು ಹಂಚುವಂತಿಲ್ಲ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ವಕೀಲರಿಗೆ ಈ ಅಂಶವನ್ನು ನೆನಪಿಸಿ. ಸಂಚಾರ ಠಾಣೆಯಿಂದ ಎಫ್‌ಐಆರ್, ಮಹಜರು, ವಾಹನ ನಿರೀಕ್ಷಕರ ವರದಿ, ದೋಷಾರೋಪ ಪಟ್ಟಿಯ ಪ್ರತಿಗಳನ್ನು ಪಡೆದು, ನಿಮ್ಮ ಹೇಳಿಕೆಗೂ ಅವುಗಳಿಗೂ ಎಲ್ಲಿ ವ್ಯತ್ಯಾಸವಿದೆ ಎಂದು ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಂಡು ಹೋಗಿ. ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್ ಅಡಿ ಯಾರ ತಪ್ಪೆಂದು ಸಾಬೀತುಪಡಿಸದೆಯೂ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪರಿಹಾರ ಕೇಳುವ ಅವಕಾಶವಿದೆ. ತಪ್ಪನ್ನು ಸಾಬೀತುಪಡಿಸಿ ಪೂರ್ಣ ಪರಿಹಾರ ಕೇಳುವುದಾದರೆ 166ನೇ ಸೆಕ್ಷನ್ ಅಡಿಯ ಅರ್ಜಿಗೆ ಕಾಯ್ದೆ ಇಟ್ಟಿರುವ ಗಡುವು ಅಪಘಾತದ ದಿನದಿಂದ ಆರು ತಿಂಗಳು. ಗಾಯ ಮಾಗುವವರೆಗೆ ಕಾಯದೆ, ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ ಮನೆಯವರು ಯಾರಾದರೂ ಠಾಣೆಯ ಕಾಗದಗಳನ್ನು ತರುವ ಕೆಲಸ ಶುರುಮಾಡಲಿ.