ಕೆಮಿಸ್ಟ್ರಿಯನ್ನು ಲ್ಯಾಬ್ ಕಡೆಯಿಂದ ಓದಿದ್ದು

ಬಿ.ಎಸ್ಸಿ.ಗೆ ಕೆಮಿಸ್ಟ್ರಿ ತಗೊಂಡರೆ ಬರೀ ಬಾಯಿಪಾಠ ಅಂತ ಸೀನಿಯರ್‌ಗಳು ಹೆದರಿಸುತ್ತಿದ್ದರು. ಇಂಜಿನಿಯರಿಂಗ್ ಸಿಗದವರು ಬಿ.ಎಸ್ಸಿ. ಮಾಡ್ತಾರೆ ಅನ್ನೋ ನೆಂಟರ ಮಾತು ಬೇರೆ. (ಸಿ.ಎನ್.ಆರ್. ರಾವ್ ಕೂಡ 1951ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವೀಧರರೇ. ನೆಂಟರಿಗೆ ಹೇಳೋಕೆ ಇದೊಂದು ಸಾಕಿತ್ತು.) ನಾನು ಓದಿದ್ದು ಹಾಸನದಲ್ಲಿ, ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಕಾಂಬಿನೇಶನ್. ಈಗ ಔಷಧ ಕಂಪನಿಯೊಂದರ ಕ್ಯೂಸಿ (ಗುಣಮಟ್ಟ ಪರೀಕ್ಷಿಸುವ) ಲ್ಯಾಬ್‌ನಲ್ಲಿ ಕೆಲಸ.

ನನ್ನ ಪದ್ಧತಿ ಸರಳ. ಪ್ರಾಕ್ಟಿಕಲ್ ಮುಗಿಸಿ ಬಂದ ಸಂಜೆ, ಅವತ್ತು ಮಾಡಿದ ಪ್ರತಿ ಹೆಜ್ಜೆಯ ಪಕ್ಕ ‘ಯಾಕೆ?’ ಅಂತ ಬರೆಯುತ್ತಿದ್ದೆ. ಉತ್ತರ ಯಾವ ಪಾಠದಲ್ಲಿದೆಯೋ ಆ ಪಾಠವನ್ನೇ ಆ ವಾರ ಓದುತ್ತಿದ್ದೆ. ಸಿಲಬಸ್ಸಿನ ಕ್ರಮ ತಪ್ಪುತ್ತಿತ್ತು, ನಿಜ. ಆದರೆ ಓದಿದ್ದು ಮರೆಯುತ್ತಿರಲಿಲ್ಲ.

ಸಾಲ್ಟ್ ಅನಾಲಿಸಿಸ್‌ನಿಂದಲೇ ಶುರು ಮಾಡ್ತೀನಿ. ಕೊಟ್ಟ ಲವಣದಲ್ಲಿ ಯಾವ ಲೋಹ ಇದೆ ಅಂತ ಗುಂಪು ಗುಂಪಾಗಿ ಬೇರ್ಪಡಿಸಿ ಪತ್ತೆ ಹಚ್ಚುವ ಪ್ರಯೋಗ ಅದು. ಎರಡನೇ ಗುಂಪಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಹೈಡ್ರೋಜನ್ ಸಲ್ಫೈಡ್ ಬಿಡಬೇಕು. ನಾಲ್ಕನೇ ಗುಂಪಿಗೂ ಅದೇ ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್, ಆದರೆ ಅಮೋನಿಯ ಹಾಕಿದ ಮೇಲೆ. ಗ್ಯಾಸ್ ಒಂದೇ ಆದರೂ ಗುಂಪು ಎರಡು ಯಾಕೆ? ಉತ್ತರ ಇರೋದು ಸಾಲ್ಯುಬಿಲಿಟಿ ಪ್ರಾಡಕ್ಟ್ (ಅಯಾನುಗಳು ಎಷ್ಟು ಸೇರಿದರೆ ಲವಣ ಕರಗದೆ ತಳಕ್ಕೆ ಕೂರುತ್ತೆ ಅನ್ನೋ ಮಿತಿ) ಪಾಠದಲ್ಲಿ. ಆಮ್ಲ ಇದ್ದಾಗ ದ್ರಾವಣದಲ್ಲಿ ಸಲ್ಫೈಡ್ ಅಯಾನು ತೀರಾ ಕಡಿಮೆ. ಅಷ್ಟು ಕಡಿಮೆಯಲ್ಲೂ ತಳಕ್ಕೆ ಕೂರುವುದು ತಾಮ್ರ, ಸೀಸ, ಬಿಸ್ಮತ್‌ನಂಥವುಗಳ ಸಲ್ಫೈಡ್ ಮಾತ್ರ. ಅಮೋನಿಯ ಬಿದ್ದಾಗ ಸಲ್ಫೈಡ್ ಅಯಾನು ಜಾಸ್ತಿ ಆಗುತ್ತೆ. ಆಗ ಜಿಂಕ್ ಬೆಳ್ಳಗೆ, ಮ್ಯಾಂಗನೀಸ್ ಮಾಂಸದ ಬಣ್ಣದಲ್ಲಿ, ನಿಕ್ಕಲ್ ಮತ್ತು ಕೋಬಾಲ್ಟ್ ಕಪ್ಪಗೆ ಬರುತ್ತವೆ. ಇದು ತಿಳಿದ ಮೇಲೆ ಗುಂಪುಗಳ ಪಟ್ಟಿಯನ್ನು ಉರು ಹೊಡೆಯುವ ಕೆಲಸ ಅರ್ಧಕ್ಕರ್ಧ ಕಡಿಮೆಯಾಯಿತು.

ಮೂರನೇ ಗುಂಪಿನಲ್ಲಿ ಇನ್ನೊಂದು ‘ಯಾಕೆ’ ಇದೆ. ಅಮೋನಿಯ ದ್ರಾವಣಕ್ಕೆ ಮೊದಲು ಅಮೋನಿಯಂ ಕ್ಲೋರೈಡ್ ಹಾಕಲೇಬೇಕು. ಅದು ಹೈಡ್ರಾಕ್ಸೈಡ್ ಅಯಾನನ್ನು ಹತೋಟಿಯಲ್ಲಿಡುತ್ತೆ. ಕಬ್ಬಿಣ, ಅಲ್ಯೂಮಿನಿಯಂ, ಕ್ರೋಮಿಯಂ ಹೈಡ್ರಾಕ್ಸೈಡ್ ಬೀಳುತ್ತವೆ, ಮೆಗ್ನೀಸಿಯಂ ಬೀಳದೆ ಮುಂದಿನ ಗುಂಪುಗಳಿಗೆ ಉಳಿಯುತ್ತೆ.

ಆಮೇಲೆ ನೀರಿನ ಗಡಸುತನದ ಪ್ರಯೋಗ ಬಂತು. ಊರಿಂದ ಬೋರ್‌ವೆಲ್ ನೀರು ಬಾಟಲಿಯಲ್ಲಿ ತಂದಿದ್ದೆ. ಈಡಿಟಿಎ ಟೈಟ್ರೇಶನ್ (ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿಯುವ ಈಡಿಟಿಎ ದ್ರಾವಣವನ್ನು ಹನಿಹನಿಯಾಗಿ ಹಾಕಿ ಅಳೆಯೋದು), ಎರಿಯೋಕ್ರೋಮ್ ಬ್ಲ್ಯಾಕ್ ಟಿ ಸೂಚಕ, ಕೊನೆಗೆ ವೈನ್ ಕೆಂಪಿನಿಂದ ನೀಲಿ. ಪಿಎಚ್ 10ರಲ್ಲಿ ಇಡೋಕೆ ಒಂದು ಬಫರ್ ಹಾಕಬೇಕು. ಆ ಬಫರ್ ಏನು ಅಂದ್ರೆ ಅಮೋನಿಯ ಮತ್ತು ಅಮೋನಿಯಂ ಕ್ಲೋರೈಡ್. ಮೂರನೇ ಗುಂಪಿನ ಅದೇ ಎರಡು ಬಾಟಲಿ! ಇಲ್ಲೂ ಕಾರಣ ಬಹುಮಟ್ಟಿಗೆ ಅದೇ. ಪಿಎಚ್ ಇನ್ನೂ ಏರಿದರೆ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಆಗಿ ಕೂತುಬಿಡುತ್ತೆ. ಕ್ಯಾಲ್ಸಿಯಂ ಒಂದನ್ನೇ ಅಳೆಯಬೇಕಾದರೆ ಬೇಕಂತಲೇ ಪಿಎಚ್ 12ಕ್ಕೆ ಏರಿಸಿ, ಸೂಚಕ ಬದಲಿಸ್ತಾರೆ. ಒಂದು ಸೆಮಿಸ್ಟರ್‌ನ ಅಜೈವಿಕ ಪ್ರಯೋಗ, ಇನ್ನೊಂದು ಸೆಮಿಸ್ಟರ್‌ನ ನೀರಿನ ಪರೀಕ್ಷೆ, ಎರಡನ್ನೂ ಒಂದೇ ಪಾಠ ಹಿಡಿದಿತ್ತು. ಕೆಮಿಸ್ಟ್ರಿ ನನಗೆ ನಿಜವಾಗಿ ಹಿಡಿಸಿದ್ದು ಇಲ್ಲಿಂದ. ಕುಡಿಯುವ ನೀರಿಗೆ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ನಡೆಯುತ್ತೆ. ನಮ್ಮೂರ ನೀರು 200 ದಾಟಿತ್ತು. ಅಮ್ಮನಿಗೆ ಹೇಳಿದರೆ, “ಬೇಳೆ ಬೇಯಲ್ಲ ಅಂತ ನಾನು ಯಾವತ್ತೋ ಹೇಳಿದ್ನಲ್ಲ” ಅಂದರು.

ಪರ್ಮ್ಯಾಂಗನೇಟ್ ಟೈಟ್ರೇಶನ್ ಬಗ್ಗೆ ವೈವಾದಲ್ಲಿ ಕೇಳದ ಎಕ್ಸ್‌ಟರ್ನಲ್ ಎಕ್ಸಾಮಿನರ್ ಇಲ್ಲ. ಸಲ್ಫ್ಯೂರಿಕ್ ಆಮ್ಲವೇ ಯಾಕೆ? ಹೈಡ್ರೋಕ್ಲೋರಿಕ್ ಹಾಕಿದರೆ ಪರ್ಮ್ಯಾಂಗನೇಟ್ ಕ್ಲೋರೈಡನ್ನೂ ಆಕ್ಸಿಡೈಸ್ ಮಾಡಿ ರೀಡಿಂಗ್ ಜಾಸ್ತಿ ತೋರಿಸುತ್ತೆ. ನೈಟ್ರಿಕ್ ತಾನೇ ಆಕ್ಸಿಡೈಸರ್. ಆಕ್ಸಾಲಿಕ್ ಆಮ್ಲವನ್ನು ಯಾಕೆ 60-70 ಡಿಗ್ರಿಗೆ ಬಿಸಿ ಮಾಡೋದು? ತಣ್ಣಗಿದ್ದರೆ ಕ್ರಿಯೆ ತೀರಾ ನಿಧಾನ. ಮೊದಲ ಹನಿಗಳ ಬಣ್ಣ ಹೋಗಲು ಹೊತ್ತು ಹಿಡಿಯುತ್ತೆ, ಆಮೇಲೆ ಬೇಗ ಹೋಗುತ್ತೆ. ಹುಟ್ಟಿದ ಮ್ಯಾಂಗನೀಸ್ ಅಯಾನೇ ಕ್ರಿಯೆಯನ್ನು ಓಡಿಸುತ್ತೆ. ಇಷ್ಟನ್ನು ಎಲ್ಲರೂ ಹೇಳ್ತಾರೆ. ನನ್ನನ್ನು ಕಾಡಿದ್ದು ಬಣ್ಣ. ಪರ್ಮ್ಯಾಂಗನೇಟಿನ ಮ್ಯಾಂಗನೀಸ್‌ನಲ್ಲಿ ಡಿ ಎಲೆಕ್ಟ್ರಾನ್ ಒಂದೂ ಇಲ್ಲ, ಆದರೂ ಗಾಢ ನೇರಳೆ. ಫ್ಲಾಸ್ಕಿನಲ್ಲಿ ಉಳಿಯುವ ಮ್ಯಾಂಗನೀಸ್ ಅಯಾನಿನಲ್ಲಿ ಐದು ಇವೆ, ಆದರೂ ಬಣ್ಣವೇ ಇಲ್ಲವೆನ್ನುವಷ್ಟು ತಿಳಿ. ‘ಡಿ ಎಲೆಕ್ಟ್ರಾನ್ ಇದ್ದರೆ ಬಣ್ಣ’ ಅನ್ನುವ ಪಿಯುಸಿ ಸೂತ್ರ ಎರಡೂ ಕಡೆ ಬಿದ್ದುಹೋಯಿತು. ಮೊದಲನೆಯದಕ್ಕೆ ಆಕ್ಸಿಜನ್‌ನಿಂದ ಮ್ಯಾಂಗನೀಸ್‌ಗೆ ಎಲೆಕ್ಟ್ರಾನ್ ಜಿಗಿಯುವುದು ಕಾರಣ. ಎರಡನೆಯದರಲ್ಲಿ ಜಿಗಿಯಬೇಕಾದರೆ ಎಲೆಕ್ಟ್ರಾನ್ ಸ್ಪಿನ್ ಬದಲಿಸಬೇಕು, ಅದಕ್ಕೆ ನಿಯಮ ಬಿಡಲ್ಲ. ಸ್ಪೆಕ್ಟ್ರಾ ಪಾಠ ತೆರೆಯುವ ಮೊದಲೇ ನನ್ನ ಹತ್ತಿರ ಪ್ರಶ್ನೆ ರೆಡಿ ಇತ್ತು.

ಆರ್ಗ್ಯಾನಿಕ್‌ಗೆ ಇದೇ ದಾರಿ, ಸ್ವಲ್ಪ ಬದಲಾವಣೆಯೊಂದಿಗೆ. ಹೆಸರಿರುವ ರಿಯಾಕ್ಷನ್‌ಗಳನ್ನು ಪಟ್ಟಿ ಮಾಡಿ ಗೋಡೆಗೆ ಅಂಟಿಸುವವರು ನಮ್ಮ ರೂಮಿನಲ್ಲೂ ಇದ್ದರು. ನಾನು ಅನಿಲೀನ್ (ಬೆಂಜೀನ್ ರಿಂಗಿಗೆ ಅಮೈನೋ ಗುಂಪು ಅಂಟಿದ ಸಂಯುಕ್ತ) ಒಂದನ್ನೇ ಹಿಡಿದೆ. ಅನಿಲೀನ್‌ಗೆ ಬ್ರೋಮಿನ್ ನೀರು ಹಾಕಿದರೆ ಮೂರು ಬ್ರೋಮಿನ್ ಒಟ್ಟಿಗೇ ಕೂರುತ್ತವೆ. ಮೊದಲು ಅದರ ನೈಟ್ರೋಜನ್‌ಗೆ ಅಸಿಟೈಲ್ ಗುಂಪು ಕೂರಿಸಿ ಅಸಿಟಾನಿಲೈಡ್ ಮಾಡಿಕೊಂಡರೆ ಒಂದೇ ಕೂರುತ್ತೆ, ಅದೂ ಹೆಚ್ಚಾಗಿ ಪ್ಯಾರಾ ಜಾಗದಲ್ಲಿ (ರಿಂಗಿನ ಎದುರು ತುದಿಯಲ್ಲಿ). ನೈಟ್ರೋಜನ್‌ನ ಎಲೆಕ್ಟ್ರಾನ್ ಜೋಡಿಯನ್ನು ಪಕ್ಕದ ಕಾರ್ಬೊನಿಲ್ ತನ್ನ ಕಡೆ ಎಳೆದುಕೊಳ್ಳುತ್ತೆ, ರಿಂಗಿಗೆ ಸಿಗುವ ಪಾಲು ಕಡಿಮೆ. ಈ ಬಾಣದ ಗುರುತುಗಳನ್ನು ಖಾಲಿ ಹಾಳೆಯ ಮೇಲೆ, ಪುಸ್ತಕ ಮುಚ್ಚಿ, ಪೆನ್ಸಿಲ್‌ನಲ್ಲಿ ಹಾಕುತ್ತಿದ್ದೆ. ಕಣ್ಣಲ್ಲಿ ಓದಿದ ಮೆಕ್ಯಾನಿಸಂ ಪರೀಕ್ಷೆ ಹಾಲ್‌ನಲ್ಲಿ ಕೈಗೆ ಬರಲ್ಲ. ಅಸಿಟಾನಿಲೈಡ್ ಬಿಸಿನೀರಿನಲ್ಲಿ ಕರಗಿಸಿ, ಸೋಸಿ, ನಿಧಾನ ಆರಲು ಬಿಟ್ಟರೆ ಹೊಳೆಯುವ ಹರಳು ಬರುತ್ತೆ. ಮೆಲ್ಟಿಂಗ್ ಪಾಯಿಂಟ್ 114 ಡಿಗ್ರಿ. ಕಡಿಮೆ ಬಂದು, ಹರಡಿಕೊಂಡು ಕರಗಿದರೆ ಕಲಬೆರಕೆ ಇದೆ ಅಥವಾ ಒದ್ದೆ ಇದೆ.

ಫಿಸಿಕಲ್ ಕೆಮಿಸ್ಟ್ರಿಯಲ್ಲಿ ಗಣಿತ ಇದ್ದ ನಮಗೆ ಅನುಕೂಲ ಇತ್ತು. ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ) ಗೆಳೆಯರು ಲಾಗ್ ಮತ್ತು ಇಂಟಿಗ್ರೇಶನ್‌ಗೆ ಮೊದಲ ಸೆಮಿಸ್ಟರ್‌ನಲ್ಲೇ ಸ್ವಲ್ಪ ಸಮಯ ಕೊಟ್ಟರೆ ಮುಂದೆ ಒದ್ದಾಟ ತಪ್ಪುತ್ತೆ. ಯೂನಿಟ್ ಬರೆಯದೆ ಲೆಕ್ಕ ಶುರು ಮಾಡಬೇಡಿ. ಗ್ಯಾಸ್ ಕಾನ್ಸ್‌ಟಂಟ್ 8.314 ಹಾಕಬೇಕೋ 0.0821 ಹಾಕಬೇಕೋ ಅನ್ನೋದನ್ನು ಯೂನಿಟ್ಟೇ ಹೇಳುತ್ತೆ.

ರೆಕಾರ್ಡ್ ಬಗ್ಗೆ ಒಂದು ಮಾತು. ಸೆಮಿಸ್ಟರ್ ಕೊನೆಯಲ್ಲಿ ಗೆಳೆಯರ ರೆಕಾರ್ಡ್ ನೋಡಿ ಒಟ್ಟಿಗೆ ಬರೆಯೋ ಪದ್ಧತಿ ಎಲ್ಲ ಕಡೆ ಇದೆ. ನಾನು ಬ್ಯೂರೆಟ್ ರೀಡಿಂಗನ್ನು ಆಗಲೇ, ಪೆನ್ನಿನಲ್ಲಿ ಬರೆದಿಡುತ್ತಿದ್ದೆ. ತಪ್ಪಿದ್ದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು. ಈಗಿನ ಕೆಲಸದಲ್ಲಿ ಅದೇ ಕಡ್ಡಾಯ: ವೈಟ್ನರ್ ಮುಟ್ಟೋ ಹಾಗಿಲ್ಲ, ತಿದ್ದಿದ ಕಡೆ ಸಹಿ ಮತ್ತು ದಿನಾಂಕ ಇರಬೇಕು. ಇಂಟರ್‌ವ್ಯೂನಲ್ಲಿ ಎಚ್‌ಪಿಎಲ್‌ಸಿ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಉಪಕರಣ) ಬಗ್ಗೆ ಕೇಳ್ತಾರೆ ಅಂತ ಓದಿಕೊಂಡು ಹೋಗಿದ್ದೆ, ಕೇಳಿದ್ದೂ ಹೌದು. ಆದರೆ ಜಾಸ್ತಿ ಹೊತ್ತು ಮಾತಾಡಿಸಿದ್ದು 1 ನಾರ್ಮಲ್ (1N) ದ್ರಾವಣ ಹೇಗೆ ಮಾಡ್ತೀರಿ, ಸೋಡಿಯಂ ಹೈಡ್ರಾಕ್ಸೈಡನ್ನು ನೇರವಾಗಿ ತೂಗಿ ಸ್ಟಾಂಡರ್ಡ್ (ಸಾಂದ್ರತೆ ನಿಖರವಾಗಿ ಗೊತ್ತಿರುವ ದ್ರಾವಣ) ಅಂತ ಯಾಕೆ ಇಟ್ಟುಕೊಳ್ಳಬಾರದು ಅನ್ನೋದರ ಬಗ್ಗೆ. ಅದು ಗಾಳಿಯ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೀರುತ್ತೆ, ಅದಕ್ಕೇ ಆಕ್ಸಾಲಿಕ್ ಆಮ್ಲದ ಎದುರು ಸ್ಟಾಂಡರ್ಡೈಸ್ ಮಾಡಬೇಕು ಅಂದೆ. ಮೊದಲ ಸೆಮಿಸ್ಟರ್‌ನ ಪಾಠ ಅದು.