ಎಲ್‌ಪಿಯೋ ರೀಮಾಸ್ಟರೋ: ಪಕ್ಕಪಕ್ಕ ಇಟ್ಟು ಕೇಳುವ ಬಗೆ

ಒಂದೇ ಧ್ವನಿಮುದ್ರಣದ ಎಲ್‌ಪಿಯನ್ನೂ (ವಿನೈಲ್ ರೆಕಾರ್ಡ್) ಅದರ ಡಿಜಿಟಲ್ ರೀಮಾಸ್ಟರನ್ನೂ (ಹಳೆಯ ಟೇಪಿನಿಂದ ಹೊಸದಾಗಿ ಸಿದ್ಧಪಡಿಸಿದ ಪ್ರತಿ) ಪಕ್ಕಪಕ್ಕ ಇಟ್ಟು ಕೇಳುವ ಕೆಲಸವನ್ನು ಧಾರವಾಡದ ಮನೆಯಲ್ಲಿ ಹಲವು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ನನಗೆ ಖಚಿತವಾದ ಮಾತು ಒಂದು. ವೇಗ, ಧ್ವನಿಮಟ್ಟ, ಕಾರ್ಟ್ರಿಜ್ (ಸೂಜಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಮೇಲೆ ಕೇಬಲ್ಲು ಮುಂತಾದವು ಹೇರುವ ಲೋಡ್ ಈ ಮೂರನ್ನು ಸರಿಹೊಂದಿಸಿದ ಮೇಲೆ ಉಳಿಯುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ಮಾಸ್ಟರಿಂಗ್, ಅಂದರೆ ಟೇಪಿನ ಧ್ವನಿಯನ್ನು ಬಿಡುಗಡೆಗೆ ಹದಗೊಳಿಸುವ ಕೆಲಸ, ಮಾಡಿದವರ ಕೈಯದು. ವಿನೈಲ್ ಮತ್ತು ಡಿಜಿಟಲ್ ಎಂಬುದರ ಪಾಲು ಸಣ್ಣದು. ಸರಿಹೊಂದಿಸದೆ ಕೇಳಿದರೆ ಕಿವಿಗೆ ಬೀಳುವುದು ಹೆಚ್ಚಾಗಿ ನಮ್ಮ ಕೇಬಲ್ಲು, ಬೆಲ್ಟು, ವಾಲ್ಯೂಮ್ ಗುಂಡಿಯ ಗುಣವೇ.

ಪರೀಕ್ಷೆಗೆ ಎರಡು ಮುದ್ರಣಗಳನ್ನು ಇಟ್ಟುಕೊಂಡಿದ್ದೇನೆ. ಕಾರ್ಲೋಸ್ ಕ್ಲೈಬರ್ 1974ರಲ್ಲಿ ವಿಯೆನ್ನಾ ಫಿಲ್ಹಾರ್ಮೋನಿಕ್ ಜೊತೆ ಮಾಡಿದ ಬೀಥೋವನ್ ಐದನೆಯ ಸಿಂಫನಿ ಒಂದು. ಫ್ರಿಟ್ಜ್ ರೈನರ್ 1954ರ ಮಾರ್ಚಿನಲ್ಲಿ ಶಿಕಾಗೊ ಸಿಂಫನಿಯೊಂದಿಗೆ ಎರಡು ಟ್ರ್ಯಾಕಿನ ಸ್ಟೀರಿಯೊ ಟೇಪಿಗೆ ಮುದ್ರಿಸಿದ ರಿಚರ್ಡ್ ಸ್ಟ್ರೌಸ್ ಅವರ ‘ಆಲ್ಸೊ ಸ್ಪ್ರಾಖ್ ಜರಾತುಸ್ತ್ರ’ ಇನ್ನೊಂದು. ಮೊದಲನೆಯದರಲ್ಲಿ ಮೂರನೇ ಭಾಗ ನಿಲ್ಲದೆ ನಾಲ್ಕನೆಯದಕ್ಕೆ ಸೇರುವ ಜಾಗ ನನಗೆ ಬೇಕಾದದ್ದು: ಟಿಂಪನಿಯ ಪಿಸುಬಡಿತದಿಂದ ಟ್ರೊಂಬೋನ್‌ಗಳು ಕೂಡಿದ ಪೂರ್ಣ ಆರ್ಕೆಸ್ಟ್ರಾಕ್ಕೆ ಏರಿಕೆ. ಎರಡನೆಯದರ ಆರಂಭದಲ್ಲಿ ಆರ್ಗನ್ನೂ ಡಬಲ್ ಬೇಸ್‌ಗಳೂ ಹಿಡಿದ ಮಂದ್ರದ ಸ್ವರವಿದೆ. ಟರ್ನ್‌ಟೇಬಲ್ಲಿನ ಗುಡುಗು ಅಲ್ಲೇ ಬಯಲಾಗುತ್ತದೆ.

ಮೊದಲು ತೊಳೆಯುವುದು. ನಮ್ಮ ಬೋರ್‌ವೆಲ್ ನೀರು ಗಡಸು. ಅದರಲ್ಲಿ ತೊಳೆದ ರೆಕಾರ್ಡ್ ಒಣಗಿದ ಮೇಲೆ ಗೆರೆಯ ತಳದಲ್ಲಿ ಬಿಳಿ ಸುಣ್ಣ ಕೂರುತ್ತದೆ, ಸೂಜಿ ಅದನ್ನು ಚಟಪಟ ಎಂದು ಓದುತ್ತದೆ. ವಾಹನದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನು ಹುಬ್ಬಳ್ಳಿಯ ಬ್ಯಾಟರಿ ಅಂಗಡಿಗಳಲ್ಲಿ ಸಿಗುತ್ತದೆ. ತಂದ ಕೂಡಲೇ ಒಂದು ಹನಿಯನ್ನು ಕನ್ನಡಿಯ ಮೇಲೆ ಬಿಟ್ಟು ಒಣಗಿಸುತ್ತೇನೆ. ಉಂಗುರ ಉಳಿದರೆ ಆ ಕ್ಯಾನು ಇದಕ್ಕೆ ಬೇಡ. 1 ಲೀಟರಿಗೆ 50 ಮಿಲಿ ಐಸೊಪ್ರೊಪೈಲ್ ಆಲ್ಕೊಹಾಲ್, ಬಣ್ಣ ಮತ್ತು ವಾಸನೆ ಇಲ್ಲದ ಪಾತ್ರೆ ತೊಳೆಯುವ ದ್ರವ 2 ಹನಿ. ಮೃದು ಬ್ರಶ್ಶಿನಿಂದ ಗೆರೆ ಸುತ್ತುವ ದಿಕ್ಕಿನಲ್ಲೇ ಉಜ್ಜಿ, ಮತ್ತೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ತೊಳೆದು, ಫ್ಯಾನ್ ಹಾಕದೆ ನೆಟ್ಟಗೆ ನಿಲ್ಲಿಸಿ ಒಣಗಿಸುವುದು. 78 ಆರ್‌ಪಿಎಂನ ಅರಗಿನ ಪ್ಲೇಟುಗಳಿಗೆ ಈ ದ್ರಾವಣ ಮುಟ್ಟಿಸಲೇಬಾರದು, ಆಲ್ಕೊಹಾಲ್ ಅರಗನ್ನು ಕರಗಿಸುತ್ತದೆ. ಆಷಾಢ ಶ್ರಾವಣದ ತೇವಕ್ಕೆ ರಟ್ಟಿನ ಕವರಿನಿಂದ ಬೂಷ್ಟು ರೆಕಾರ್ಡಿಗೆ ಹತ್ತುತ್ತದೆ. ಹಾಗಾಗಿ ಒಳಕವರು ಪಾಲಿಥೀನಿನದೇ ಆಗಿರಬೇಕು, ಪಿವಿಸಿ ಕವರು ವರ್ಷಗಳಲ್ಲಿ ವಿನೈಲಿಗೆ ಅಂಟಿ ಮಬ್ಬು ಕಲೆ ಬಿಡುತ್ತದೆ. ಬೇಸಿಗೆಯಲ್ಲಿ ನವಲಗುಂದ, ಗದಗದ ಕಡೆಯ ಎರೆ ಧೂಳು ಕಿಟಕಿ ಮುಚ್ಚಿದ್ದರೂ ಒಳಗೆ ಬರುತ್ತದೆ. ಆ ಎರಡು ತಿಂಗಳು ನಾನು ಹೊಸ ರೆಕಾರ್ಡನ್ನು ಕಂಪ್ಯೂಟರ್ ಫೈಲಾಗಿ ಕಾಪಿ ಮಾಡಲು ಕೂರುವುದಿಲ್ಲ.

ಟರ್ನ್‌ಟೇಬಲ್ ಕೆಳಗೆ 2 ಇಂಚಿನ ಶಹಾಬಾದ್ ಕಲ್ಲು, ಅದರ ಕೆಳಗೆ ಸೈಕಲ್ ಟ್ಯೂಬಿನ ನಾಲ್ಕು ತುಂಡು. ಕಾಪಿ ಮಾಡುವಾಗ ಸ್ಪೀಕರ್ ಬಂದ್. ಸ್ಪೀಕರಿನ ಕಂಪನ ಸೂಜಿಗೆ ಮರಳಿದರೆ ಮಂದ್ರಕ್ಕೆ ಇಲ್ಲದ ತೂಕ ಬರುತ್ತದೆ, ಅದನ್ನೇ ‘ಎಲ್‌ಪಿಯ ಬೆಚ್ಚನೆ ಧ್ವನಿ’ ಎನ್ನುವವರಿದ್ದಾರೆ.

ವೇಗದ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ 50 ಹರ್ಟ್ಜ್ ಕರೆಂಟಿನಲ್ಲಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಆದ್ದರಿಂದ ನಿಮಿಷಕ್ಕೆ 33⅓ ಸುತ್ತಿನ ವೇಗಕ್ಕೆ ಸ್ಟ್ರೋಬ್ ಕಾಗದದಲ್ಲಿ (ವೇಗ ಸರಿಯಿದ್ದಾಗ ಪಟ್ಟಿಗಳು ನಿಂತಂತೆ ಕಾಣುವ ಕಾಗದ) 180 ಪಟ್ಟಿ ಇರಬೇಕು. ನೆಟ್‌ನಿಂದ ಇಳಿಸುವ ಕಾಗದ ಎಷ್ಟೋ ಸಲ ಅಮೆರಿಕದ 60 ಹರ್ಟ್ಜ್‌ನದು, 216 ಪಟ್ಟಿಯದು; ನಮ್ಮ ದೀಪದ ಕೆಳಗೆ ಅದು ನಿಲ್ಲುವುದೇ ಇಲ್ಲ. ಈಗಿನ ಒಳ್ಳೆಯ ಎಲ್ಇಡಿ ಬಲ್ಬು ಮಿನುಗುವುದಿಲ್ಲವಾದ್ದರಿಂದ ಹಳೆಯ ಚೋಕಿನ ಟ್ಯೂಬ್‌ಲೈಟ್ ಅಥವಾ ಎಲೆಕ್ಟ್ರಿಷಿಯನ್ನರ ಟೆಸ್ಟರಿನ ನಿಯಾನ್ ದೀಪದಂಥದ್ದು ಬೇಕು. ಎಸಿ ಸಿಂಕ್ರೊನಸ್ ಮೋಟರಿನ ಟರ್ನ್‌ಟೇಬಲ್ಲಿಗೆ ಸ್ಟೆಬಿಲೈಸರ್ ಹಾಕಿ ಪ್ರಯೋಜನವಿಲ್ಲ, ಮೋಟರು ನೋಡುವುದು ವೋಲ್ಟೇಜನ್ನಲ್ಲ, ಫ್ರೀಕ್ವೆನ್ಸಿಯನ್ನು. ಕರೆಂಟು ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡಿದಾಗ ಆ ಮೋಟರು ಗುಂಯ್ ಎನ್ನುತ್ತದೆ, ಆ ನಡುಕ ಸೂಜಿಗೆ ಹತ್ತುತ್ತದೆ. ಆಗ ಮಾಡಿದ ಕಾಪಿಯನ್ನು ಅಳಿಸಿಬಿಡುವುದೇ ಸರಿ.

ಸ್ಟ್ರೋಬಿಗಿಂತ ನಿಖರವಾದ ದಾರಿ ಫೈಲಿನಲ್ಲೇ ಇದೆ. ಮೊದಲ ಸ್ವರದ ಆರಂಭ, ಕೊನೆಯ ಸ್ವರದ ಆರಂಭ ಎರಡಕ್ಕೂ ಗುರುತು ಹಾಕಿ ಅವಧಿ ಅಳೆಯುತ್ತೇನೆ. ಡಿಜಿಟಲ್ ಪ್ರತಿಯಲ್ಲಿ 440 ಸೆಕೆಂಡು, ನನ್ನ ಎಲ್‌ಪಿ ಕಾಪಿಯಲ್ಲಿ 443 ಸೆಕೆಂಡು ಬಂದರೆ ಶೇ. 0.7ರಷ್ಟು ನಿಧಾನ, ಶ್ರುತಿ ಸುಮಾರು 12 ಸೆಂಟ್ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಇಳಿದಿದೆ. ತಾನ್ಪುರದ ಷಡ್ಜಕ್ಕೆ ಪಳಗಿದ ಇಲ್ಲಿನ ಕಿವಿಗೆ ಇದು ಕೂಡಲೇ ತಾಗುತ್ತದೆ, ಆದರೆ ‘ಶ್ರುತಿ ಇಳಿದಿದೆ’ ಎಂದು ಅನಿಸದೆ ‘ಧ್ವನಿ ಮೆತ್ತಗೆ, ಆರಾಮವಾಗಿದೆ’ ಎಂದು ಅನಿಸುತ್ತದೆ. ಮೋಸ ಹೋಗುವುದು ಇಲ್ಲೇ. ಸರಿಪಡಿಸುವಾಗ ಆಡಾಸಿಟಿ ಎಂಬ ಧ್ವನಿ ತಿದ್ದುವ ಸಾಫ್ಟ್‌ವೇರಿನಲ್ಲಿ ವೇಗ ಮತ್ತು ಶ್ರುತಿ ಒಟ್ಟಿಗೆ ಬದಲಾಗುವ ‘ಚೇಂಜ್ ಸ್ಪೀಡ್’ ಬಳಸಬೇಕು. ‘ಚೇಂಜ್ ಟೆಂಪೊ’ ಬಳಸಿದರೆ ಶ್ರುತಿ ಇದ್ದಲ್ಲೇ ಉಳಿದು, ತಾಳವಾದ್ಯದ ಪೆಟ್ಟುಗಳು ಒಡೆದಂತೆ ಕೇಳುತ್ತವೆ.

ಇನ್ನು ಕಾರ್ಟ್ರಿಜ್. ನನ್ನದು ಆಡಿಯೊ-ಟೆಕ್ನಿಕಾ ವಿಎಂ95ಎಂಎಲ್, ಸೂಜಿಯ ಭಾರ 2 ಗ್ರಾಂ. ಭಾರ ಅಳೆಯಲು 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು, ಆದರೆ ತಟ್ಟೆ ಉಕ್ಕಿನದಾದರೆ ಕಾರ್ಟ್ರಿಜ್‌ನ ಆಯಸ್ಕಾಂತ ಅದನ್ನು ಎಳೆದು ಓದುವಿಕೆ ತಪ್ಪಿಸುತ್ತದೆ. ತಕ್ಕಡಿಯ ಮೇಲೆ ಮೂಗು ಹೊರಚಾಚಿದ ಪ್ಲಾಸ್ಟಿಕ್ ಪಟ್ಟಿ ಇಟ್ಟು, ಸೂಜಿ ರೆಕಾರ್ಡಿನ ಎತ್ತರದಲ್ಲೇ ಕೂರುವಂತೆ ನೋಡಿಕೊಂಡು ಅಳೆಯುತ್ತೇನೆ. ಈ ಕಾರ್ಟ್ರಿಜ್‌ಗೆ 47 ಕಿಲೊಓಮ್ ಜೊತೆಗೆ 100ರಿಂದ 200 ಪಿಕೊಫ್ಯಾರಡ್ ಕೆಪಾಸಿಟನ್ಸ್ ಇರಬೇಕು. ಅಗ್ಗದ ಉದ್ದ ಕೇಬಲ್ಲು, ಫೋನೊ ಪ್ರೀಆಂಪ್ (ಕಾರ್ಟ್ರಿಜ್‌ನ ಸಣ್ಣ ಸಂಕೇತವನ್ನು ಹಿಗ್ಗಿಸುವ ಪೆಟ್ಟಿಗೆ) ಸೇರಿ 400 ಆಗಿಬಿಡುವುದು ಸಾಮಾನ್ಯ. ಕಾರ್ಟ್ರಿಜ್‌ನ ಒಳಗಿನ ಸುರುಳಿ ಸುಮಾರು 550 ಮಿಲಿಹೆನ್ರಿ. 150 ಪಿಕೊಫ್ಯಾರಡ್‌ನಲ್ಲಿ ಅದರ ಅನುರಣನೆ 17.5 ಕಿಲೊಹರ್ಟ್ಜ್ ಹತ್ತಿರ ಇದ್ದರೆ, 400ರಲ್ಲಿ 10.7ಕ್ಕೆ ಇಳಿಯುತ್ತದೆ. ಅಂದರೆ ಪಿಟೀಲುಗಳ ಮೇಲುಸ್ವರಗಳಿರುವ ಜಾಗಕ್ಕೆ ಉಬ್ಬು ಬರುತ್ತದೆ, ಅದರಾಚೆ ಎಲ್ಲ ಕುಸಿಯುತ್ತದೆ. ಪಿಟೀಲು ಲೋಹದಂತೆ ಕೀರಿದರೆ ರೆಕಾರ್ಡನ್ನು ದೂರುವ ಮೊದಲು ಕೇಬಲ್ಲನ್ನು ಅರ್ಧ ಮೀಟರಿಗೆ ಇಳಿಸಿ ನೋಡಬೇಕು. ಎಡ ಬಲ ಚಾನೆಲ್ಲುಗಳ ನಡುವೆ 1 ಡೆಸಿಬೆಲ್‌ನಷ್ಟು ಏರುಪೇರು ಇರುವುದೂ ಮಾಮೂಲು. ಮೋನೊ ರೆಕಾರ್ಡ್ ಹಾಕಿ ಎರಡೂ ಚಾನೆಲ್ ಅಳೆದರೆ ತಿಳಿಯುತ್ತದೆ, ಫೈಲಿನಲ್ಲಿ ಬೇರೆಬೇರೆಯಾಗಿ ತಿದ್ದಬಹುದು.

ಮುದ್ರಣ 24 ಬಿಟ್, 96 ಕಿಲೊಹರ್ಟ್ಜ್. ಗರಿಷ್ಠ ಮಟ್ಟ ಡಿಜಿಟಲ್ಲಿನ ಮೇಲ್ಮಿತಿಯಾದ ಸೊನ್ನೆಗಿಂತ 6 ಡೆಸಿಬೆಲ್ ಕೆಳಗೆ. ನಿಮಿಷಕ್ಕೆ ಸುಮಾರು 35 ಎಂಬಿ ಆಗುತ್ತದೆ. ಬಾಗಿದ ರೆಕಾರ್ಡಿನ ಅಲೆ ತೆಗೆಯಲು 20 ಹರ್ಟ್ಜ್ ಕೆಳಗೆ ಕಡಿದಾದ ಫಿಲ್ಟರು ಸಾಕು. ಹಳೆಯ ಆಂಪ್ಲಿಫೈಯರುಗಳ ರಂಬಲ್ (ಗುಡುಗು ತಡೆಯುವ) ಫಿಲ್ಟರ್ ಒತ್ತಿದರೆ ಸ್ಟ್ರೌಸ್ ಆರಂಭದ ಆ 33 ಹರ್ಟ್ಜ್ ಸ್ವರವೂ ಅದರ ಜೊತೆಗೇ ಹೋಗುತ್ತದೆ.

ಮಟ್ಟ ಹೊಂದಿಸುವಲ್ಲಿ ನಾನೂ ಬಹಳ ಸಲ ಎಡವಿದ್ದೇನೆ. ಎರಡೂ ಫೈಲುಗಳ ಗರಿಷ್ಠ ಮಟ್ಟವನ್ನು ಸಮ ಮಾಡಿದರೆ ಆಗುವುದಿಲ್ಲ, ಏಕೆಂದರೆ ಎಲ್‌ಪಿಯಲ್ಲಿ ಗರಿಷ್ಠ ಮಟ್ಟ ಎಷ್ಟೋ ಸಲ ಒಂದು ಧೂಳಿನ ಕ್ಲಿಕ್ಕಿನದು, ಸಂಗೀತದ್ದಲ್ಲ. ಕ್ಲಿಕ್ ಇಲ್ಲದ 30 ಸೆಕೆಂಡಿನ ತುಂಡನ್ನು ಎರಡರಲ್ಲೂ ಒಂದೇ ಸ್ವರದಿಂದ ಒಂದೇ ಸ್ವರದವರೆಗೆ ಕತ್ತರಿಸಿ, ಅದರ ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಸರಾಸರಿ ಜೋರಿನ ಅಳತೆ) ಅಳೆದು, 0.1 ಡೆಸಿಬೆಲ್ ಒಳಗೆ ಸಮ ಮಾಡಬೇಕು. ಅರ್ಧ ಡೆಸಿಬೆಲ್ ಜೋರಾದದ್ದು ‘ಜೋರು’ ಎಂದು ತಿಳಿಯುವುದಿಲ್ಲ, ‘ಚೆಂದ’ ಎಂದೇ ಕೇಳುತ್ತದೆ. ಇಡೀ ಭಾಗವನ್ನು ಒಮ್ಮೆಲೇ ಜೋಡಿಸಲು ಹೋಗಬಾರದು; ಎಲ್‌ಪಿಯ ಸಣ್ಣ ಅಲುಗಾಟಕ್ಕೆ ನಿಮಿಷದೊಳಗೆ ಎರಡೂ ಬೇರೆಯಾಗುತ್ತವೆ.

ಆಮೇಲೆ ಯಾವುದು ಯಾವುದೆಂದು ತಿಳಿಯದಂತೆ, ಕಣ್ಣು ಕಟ್ಟಿದ ಹಾಗೆ ಕೇಳುವ ಪರೀಕ್ಷೆ. ಫೂಬಾರ್2000 ಎಂಬ ಪ್ಲೇಯರಿಗೆ ಎಬಿಎಕ್ಸ್ ಆಡ್-ಆನ್ ಇದೆ (‘ಎಕ್ಸ್’ ಎಂಬ ಗುಟ್ಟಿನ ತುಂಡು ‘ಎ’ಯೋ ‘ಬಿ’ಯೋ ಎಂದು ಗುರುತಿಸುವ ಪರೀಕ್ಷೆ), 16 ಸಲಕ್ಕೆ 12 ಸರಿ ಬಂದರೆ ಬರೀ ಊಹೆಯಿಂದ ಹಾಗಾಗುವ ಸಾಧ್ಯತೆ ಶೇ. 4ಕ್ಕಿಂತ ಕಡಿಮೆ. ಆದರೆ ಎಲ್‌ಪಿಯ ಚಟಪಟ ಕೇಳಿದ ಕೂಡಲೇ ಯಾವುದು ಯಾವುದೆಂದು ಗೊತ್ತಾಗಿಬಿಡುತ್ತದೆ, ಕಣ್ಣು ಕಟ್ಟಿದ್ದು ವ್ಯರ್ಥ. ಅದಕ್ಕೆ ನಾನು ಮಾಡುವುದು ಇಷ್ಟು: ಅದೇ ರೆಕಾರ್ಡಿನಲ್ಲಿ ಎರಡು ಭಾಗಗಳ ನಡುವಿನ ಖಾಲಿ ಗೆರೆಯ ಸದ್ದನ್ನು ಮುದ್ರಿಸಿ, ಡಿಜಿಟಲ್ ತುಂಡಿನ ಕೆಳಗೆ ಅದೇ ಮಟ್ಟದಲ್ಲಿ ಬೆರೆಸುವುದು. ಈಗ ಎರಡರಲ್ಲೂ ಚಟಪಟ ಇದೆ, ಉಳಿದದ್ದು ಸಂಗೀತದ ಬಣ್ಣ ಮಾತ್ರ. ಮೂರನೆಯ ಫೈಲೊಂದನ್ನೂ ಮಾಡುತ್ತೇನೆ. ಎರಡರ ಸರಾಸರಿ ಸ್ಪೆಕ್ಟ್ರಮ್ (ಯಾವ ಫ್ರೀಕ್ವೆನ್ಸಿ ಎಷ್ಟು ಜೋರೆಂಬ ನಕ್ಷೆ) ನೋಡಿ, ಡಿಜಿಟಲ್ ಪ್ರತಿಯಲ್ಲಿ 3 ಕಿಲೊಹರ್ಟ್ಜ್ ಮೇಲೆ 2 ಡೆಸಿಬೆಲ್ ಹೆಚ್ಚಿದ್ದರೆ ಅಷ್ಟೇ ಇಳಿಸಿ ಮತ್ತೆ ಪರೀಕ್ಷೆ. ಅಷ್ಟಕ್ಕೇ ಗುರುತಿಸಲಾರದಂತೆ ಆದರೆ ಅಲ್ಲಿದ್ದ ವ್ಯತ್ಯಾಸ ಮಾಸ್ಟರಿಂಗ್ ಮೇಜಿನ ಮೇಲಿನ ಒಂದು ಗುಂಡಿಯದು. ನನ್ನ ಪರೀಕ್ಷೆಗಳಲ್ಲಿ ಬಹಳ ಸಲ ಹೀಗೇ ಆಗಿದೆ.

ಒಂದು ಗುರುತು ಮಾತ್ರ ಸುಳ್ಳು ಹೇಳುವುದಿಲ್ಲ: ಮುನ್‌ಪ್ರತಿಧ್ವನಿ. ಐದನೆಯ ಸಿಂಫನಿಯ ಮೊದಲ ಪೆಟ್ಟಿಗೆ ಮುಂಚಿನ ಖಾಲಿ ಗೆರೆಗೆ ಹೆಡ್‌ಫೋನ್ ಹಾಕಿ ಮಟ್ಟ ಏರಿಸಿ ಕಿವಿಗೊಡಿ. ದೂರದ ಕೋಣೆಯಲ್ಲಿ ಬಾರಿಸಿದಂತೆ ಅದೇ ಪೆಟ್ಟು ಸಣ್ಣಗೆ ಮೊದಲೇ ಕೇಳಬಹುದು. ಜೋರಾದ ಗೆರೆಯ ಗೋಡೆ ಪಕ್ಕದ ಗೆರೆಯನ್ನು ಒತ್ತಿದ್ದರಿಂದ ಬಂದದ್ದಾದರೆ ಅಂತರ ಸರಿಯಾಗಿ 1.8 ಸೆಕೆಂಡು, ರೆಕಾರ್ಡಿನ ಒಂದು ಸುತ್ತು. ಟೇಪಿನ ಸುರುಳಿಯಲ್ಲಿ ಒಂದು ಪದರದ ಕಾಂತತೆ ಇನ್ನೊಂದಕ್ಕೆ ಹತ್ತಿದ್ದಾದರೆ, ಸೆಕೆಂಡಿಗೆ 38 ಸೆಂಮೀ ಓಡುವ ಟೇಪಿನಲ್ಲಿ ಸುರುಳಿ ಎಷ್ಟು ದಪ್ಪ ಇತ್ತೆಂಬುದರ ಮೇಲೆ ಅಂತರ ಸುಮಾರು 1ರಿಂದ 2.2 ಸೆಕೆಂಡಿನ ನಡುವೆ ಎಲ್ಲಾದರೂ ಬೀಳುತ್ತದೆ, ಕೃತಿ ಮುಂದುವರಿದಂತೆ ಬದಲಾಗುತ್ತದೆ. ಟೇಪಿನದು ರೀಮಾಸ್ಟರಿನಲ್ಲೂ ಇರಬೇಕು. ಇಲ್ಲದಿದ್ದರೆ ಯಾರೋ ಅಳಿಸಿದ್ದಾರೆ. ‘ಮೂಲ ಟೇಪಿನಿಂದ’ ಎಂದು ಬರೆದ ಡಿಜಿಟಲ್ ಪ್ರತಿಯಲ್ಲಿ ಎಲ್ಲ ಕಡೆ 1.8 ಸೆಕೆಂಡೇ ಸಿಕ್ಕರೆ ಅದು ರೆಕಾರ್ಡಿನಿಂದ ತೆಗೆದ ಕಾಪಿ.

ಹಿಸ್, ಅಂದರೆ ಟೇಪಿನ ‘ಸ್ಸ್’ ಎನ್ನುವ ಹಿನ್ನೆಲೆ ಸದ್ದು, ತೆಗೆದ ರೀಮಾಸ್ಟರುಗಳ ಬಗ್ಗೆ ನನ್ನ ನಿಲುವು ಕಟು. 1950ರ, 60ರ ದಶಕದ ಟೇಪಿನಲ್ಲಿ ಹಿಸ್ ಇರಲೇಬೇಕು. ಒಂದು ದೊಡ್ಡ ಸ್ವರಮೇಳ ನಿಂತ ಮೇಲೆ ಸಭಾಂಗಣದ ಗುಂಗು ಕರಗುವ ಎರಡು ಸೆಕೆಂಡು ಗಮನಿಸಿದರೆ, ಒಳ್ಳೆಯ ರೀಮಾಸ್ಟರಿನಲ್ಲಿ ಹಿಸ್ ಒಂದೇ ಸಮ ಉಳಿದು ಗುಂಗು ಅದರೊಳಗೆ ಮುಳುಗುತ್ತದೆ. ಅತಿ ಶುದ್ಧಿ ಮಾಡಿದ್ದರಲ್ಲಿ ಗುಂಗಿನ ಬಾಲದ ಜೊತೆ ಹಿಸ್ಸೂ ಇಳಿದು ಕಪ್ಪು ಮೌನ ಬರುತ್ತದೆ, ಸಿಂಬಲ್ಸಿನ ಬಾಲ ನೀರಿನೊಳಗಿಂದ ಬಂದಂತೆ ಗುಳುಗುಳು ಎನ್ನುತ್ತದೆ. ಇದನ್ನು ಕಿವಿಗೆ ಕಲಿಸಲು ನಮ್ಮಲ್ಲಿ ಸುಲಭದ ದಾರಿ ಇದೆ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಎಲ್‌ಪಿಯೊಂದರ ಕಾಪಿಗೆ ಹಿಸ್ ತೆಗೆಯುವ ಸಾಫ್ಟ್‌ವೇರನ್ನು ಬೇಕೆಂದೇ 12 ಡೆಸಿಬೆಲ್‌ಗೆ ಓಡಿಸಿ ತಾನ್ಪುರ ಕೇಳಿ. ಜವಾರಿಯ ಝೇಂಕಾರವನ್ನೂ ಸಾಫ್ಟ್‌ವೇರು ಹಿಸ್ ಎಂದೇ ತಿಳಿದು ತಿನ್ನುತ್ತದೆ, ಉಳಿಯುವುದು ರಬ್ಬರಿನ ತಂತಿಯಂಥ ನಾದ. ಒಮ್ಮೆ ಅದನ್ನು ಕೇಳಿದ ಕಿವಿ ಆರ್ಕೆಸ್ಟ್ರಾದಲ್ಲೂ ಅದೇ ಗಾಯವನ್ನು ಕಂಡುಹಿಡಿಯುತ್ತದೆ.

ಹಾಗೆಂದು ಎಲ್‌ಪಿಯ ಮಿತಿಯನ್ನು ಮುಚ್ಚಿಡುವುದು ಸರಿಯಲ್ಲ. ಹೊರಗಿನ ಅಂಚಿನಲ್ಲಿ ಗೆರೆ ಸೂಜಿಯ ಕೆಳಗೆ ಸೆಕೆಂಡಿಗೆ 51 ಸೆಂಮೀ ಓಡಿದರೆ ಲೇಬಲ್ ಹತ್ತಿರ 21 ಮಾತ್ರ. 10 ಕಿಲೊಹರ್ಟ್ಜ್ ಅಲೆಯ ಉದ್ದ 51 ಮೈಕ್ರಾನಿನಿಂದ 21ಕ್ಕೆ ಕುಗ್ಗುತ್ತದೆ, ಸೂಜಿಗೆ ಆ ತಿರುವು ಹಿಡಿಯುವುದು ಕಷ್ಟವಾಗುತ್ತದೆ. ಸಿಂಫನಿಗಳ ಗತ್ತಿನ ಕೊನೆಗಳೆಲ್ಲ ಬಂದು ಕೂರುವುದು ಅಲ್ಲೇ. ರಾವೆಲ್‌ನ ಬೊಲೆರೊ ಇನ್ನೂ ಕಷ್ಟ: ಸಣ್ಣಗೆ ಶುರುವಾದದ್ದು ಜೋರಾಗುತ್ತಲೇ ಹೋಗಿ, ಅತಿ ಜೋರಾದ ನಿಮಿಷ ಅತಿ ಇಕ್ಕಟ್ಟಿನ ಜಾಗಕ್ಕೆ ಬೀಳುತ್ತದೆ. ಅಲ್ಲಿ ಡಿಜಿಟಲ್ಲೇ ಮೇಲು, ವಾದವೇ ಬೇಡ. ಹಾಗಾಗಿ ಹೋಲಿಕೆಗೆ ತುಂಡು ಆರಿಸುವಾಗ ಬದಿಯ ಮೊದಲ ಐದು ನಿಮಿಷದ್ದೊಂದು, ಕೊನೆಯ ಎರಡು ನಿಮಿಷದ್ದೊಂದು ಇರಲೇಬೇಕು. ಕೊಳ್ಳುವಾಗ ಲೇಬಲ್ ಸುತ್ತಲಿನ ನುಣುಪು ಜಾಗಕ್ಕೆ ಟಾರ್ಚ್ ಓರೆಯಾಗಿ ಹಿಡಿದು, ಕೊರೆದ ಸಂಖ್ಯೆ ಓದಿಕೊಳ್ಳಬೇಕು. ಕೋಲ್ಕತ್ತದ ದಮ್‌ದಮ್‌ನಲ್ಲಿ ಒತ್ತಿದ ಪ್ರತಿಯೂ ಯುರೋಪಿನಲ್ಲಿ ಒತ್ತಿದ್ದೂ ಒಂದೇ ಮುಖಪುಟ ಹೊತ್ತಿದ್ದರೂ ಬೇರೆ ಕಟಿಂಗ್ (ಬೇರೆಯಾಗಿ ಗೆರೆ ಕೊರೆದ ಮೂಲ ತಟ್ಟೆಯಿಂದ ಬಂದದ್ದು) ಆಗಿರಬಹುದು.

ಕೊನೆಗೆ ಪ್ರತಿ ಫೈಲಿನ ಹೆಸರಿನಲ್ಲೇ ಕೊರೆದ ಸಂಖ್ಯೆ, ಸೂಜಿ ಓಡಿದ ಒಟ್ಟು ಗಂಟೆ, ವೇಗದ ತಿದ್ದುಪಡಿ, ಕೂಡಿಸಿದ ಅಥವಾ ಕಳೆದ ಡೆಸಿಬೆಲ್, ತೊಳೆದ ದಿನ ಬರೆದಿಡುತ್ತೇನೆ. ತಿದ್ದದ ಮೂಲ ಕಾಪಿ ಬೇರೆ ಡಿಸ್ಕಿನಲ್ಲಿ ಇರುತ್ತದೆ. ಆರು ತಿಂಗಳ ಮೇಲೆ ಹೊಸ ರೀಮಾಸ್ಟರ್ ಬಂದರೆ ರೆಕಾರ್ಡ್ ಮತ್ತೆ ತಿರುಗಿಸುವುದಿಲ್ಲ, ಆ ಮೂಲ ಕಾಪಿಯಿಂದ ಅದೇ 30 ಸೆಕೆಂಡನ್ನು ತೆಗೆದು ಪಕ್ಕಕ್ಕೆ ಇಡುತ್ತೇನೆ.