ಎರಡು ರೂಪಾಯಿ ನಾಣ್ಯದ ಹಿಂಬದಿಯನ್ನು ಗುರುತಿಸುವ ಬಗೆ

ಎರಡು ರೂಪಾಯಿ ನಾಣ್ಯಗಳನ್ನು ವಿನ್ಯಾಸಕ್ಕೆ ಅನುಗುಣವಾಗಿ ವಿಂಗಡಿಸಬಯಸುವವರು ಮೊದಲು ಸಿಂಹಲಾಂಛನವಿರುವ ಮುಖವನ್ನು ಕೆಳಗೆ ಮಾಡಿ ಎಲ್ಲವನ್ನೂ ಹರಡಿಕೊಳ್ಳಬೇಕು. ಗಣ್ಯರ ಮುಖಗಳಿರುವ ಸ್ಮಾರಕ ನಾಣ್ಯಗಳನ್ನು ಬೇರೆಯಾಗಿಯೇ ಇಡುವುದು ಲೇಸು.

ಹನ್ನೊಂದು ಬದಿಗಳುಳ್ಳ ಹಳೆಯ ನಾಣ್ಯದಲ್ಲಿ ಧ್ವಜವನ್ನೊಳಗೊಂಡ ಭಾರತದ ಭೂಪಟವಿದ್ದು, ಸುತ್ತ ರಾಷ್ಟ್ರೀಯ ಏಕತೆಯನ್ನು ಸಾರುವ ಬರಹವಿರುತ್ತದೆ. ಅಂದದಲ್ಲಿ ಇದನ್ನು ಮೀರಿಸಿದ್ದು ಮತ್ತೆ ಬರಲಿಲ್ಲವೆಂದೇ ನನ್ನ ಅಭಿಪ್ರಾಯ. ಇದು ತಾಮ್ರ ಮತ್ತು ನಿಕ್ಕಲ್ ಮಿಶ್ರಲೋಹದ್ದಾದ್ದರಿಂದ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ಅನಂತರ ಬಂದ ದುಂಡನೆಯ ಉಕ್ಕಿನ ನಾಣ್ಯಗಳು ಅಂಟುತ್ತವೆ.

ಆ ಉಕ್ಕಿನ ನಾಣ್ಯಗಳಲ್ಲಿ ಮೊದಲನೆಯದರ ಮೇಲೆ ನಾಲ್ಕು ತೋಳುಗಳ ಆಕೃತಿಯೂ ನಾಲ್ಕು ಚುಕ್ಕಿಗಳೂ ಇವೆ. ವಿವಿಧತೆಯಲ್ಲಿ ಏಕತೆಯನ್ನು ಸೂಚಿಸಲೆಂದು ರೂಪಿಸಿದ ಈ ಚಿತ್ರವನ್ನು ಹಲವರು ಶಿಲುಬೆಯೆಂದು ಭಾವಿಸಿದ್ದರಿಂದ ವಿವಾದವೂ ಎದ್ದಿತ್ತು. 2007ರಲ್ಲಿ ಎರಡು ಬೆರಳುಗಳ ನೃತ್ಯಮುದ್ರೆ ಬಂದಿತು. ಓದು ಬಾರದವರಿಗೂ ಮೌಲ್ಯ ತಿಳಿಯುವಂತಹ ಜಾಣ ಉಪಾಯವದು. 2011ರಲ್ಲಿ ಹೂವಿನ ಅಲಂಕಾರದೊಂದಿಗೆ ರೂಪಾಯಿ ಚಿಹ್ನೆ ಬಂದಿತು.

ಬಳಿಕ ಇಸವಿಯ ಕೆಳಗೆ ಭೂತಗನ್ನಡಿ ಹಿಡಿದು ನೋಡಿದರೆ ಟಂಕಸಾಲೆಯೂ ತಿಳಿಯುತ್ತದೆ: ವಜ್ರಾಕೃತಿ ಮುಂಬಯಿಯದು, ನಕ್ಷತ್ರ ಹೈದರಾಬಾದಿನದು, ಚುಕ್ಕಿ ನೋಯ್ಡಾದ್ದು, ಕೋಲ್ಕತ್ತದ ನಾಣ್ಯಕ್ಕೆ ಗುರುತೇ ಇರುವುದಿಲ್ಲ. ಹುಣಸೆಹಣ್ಣಿನಿಂದ ಉಜ್ಜಿ ಹೊಳಪು ಬರಿಸುವ ಆಸೆಯನ್ನು ಮಾತ್ರ ಬಿಡಬೇಕು, ಏಕೆಂದರೆ ಉಜ್ಜಿದ ನಾಣ್ಯಕ್ಕೆ ಸಂಗ್ರಾಹಕರಲ್ಲಿ ಬೆಲೆ ಕುಗ್ಗುತ್ತದೆ.